ದಪ್ಪಕ್ಷರದ ಸುಳ್ಳು

ನಮ್ಮ ದೊಡ್ಡಪ್ಪನ ಓದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಚಾಮರಾಜಪೇಟೆಯ ನಮ್ಮ ಬೀದಿಗೆಲ್ಲ ಅವರೇ ಓದು ಬಲ್ಲವರು. ಯಾವ ಕಾಗದ ಬಂದರೂ ಜಗಲಿಯ ಮೇಲೆ ಕೂತು, ಅಕ್ಕಪಕ್ಕದ ಮನೆಗಳಿಗೂ ಕೇಳುವ ಹಾಗೆ ಓದುತ್ತಿದ್ದರು. ಆಗ ಓದೆಂದರೆ ಗಂಟಲೇ. ನಾನು ಹೋಗುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲೂ ಅಷ್ಟೆ. ತಡವರಿಸದೆ ಗಟ್ಟಿಯಾಗಿ ಓದಿದವಳೇ ಜಾಣೆ. ಓದಿದ್ದರಲ್ಲಿ ಏನಿತ್ತೆಂದು ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ.

ಪ್ಲೇಗು ಮತ್ತೆ ಬಂದ ವರ್ಷ ಅದು. ಹೊಸದಾಗಿ ಮದುವೆಯಾದ ಅಕ್ಕ ಮೊದಲ ಗೌರಿ ಹಬ್ಬಕ್ಕೆ ತವರಿಗೆ ಬಂದಿದ್ದಳು. ಅವಳ ಗಂಡನ ಮನೆ ಚಿಕ್ಕಪೇಟೆಯ ಇಕ್ಕಟ್ಟು ಗಲ್ಲಿಯಲ್ಲಿ. ಅಲ್ಲಿ ಆಗಲೇ ಇಲಿ ಸತ್ತು ಬೀಳತೊಡಗಿದ್ದವು. ಇಲಿ ಬಿತ್ತೆಂದರೆ ಮುಂದಿನ ಸರದಿ ಮನುಷ್ಯರದೆಂದು ಹಸುಗೂಸಿಗೂ ಗೊತ್ತಿತ್ತು. ಹಬ್ಬ ಮುಗಿದ ಮೇಲೆ ಅವಳು ಅಲ್ಲಿಗೇ ಹೋಗಬೇಕು. ಹೋಗುವ ಮೊದಲು ಪ್ಲೇಗಿನ ಸೂಜಿ ಹಾಕಿಸುವುದೋ ಬೇಡವೋ ಎಂದು ಮನೆಯಲ್ಲಿ ಮಾತು ನಡೆದಿದ್ದಾಗ, ಸರ್ಕಾರದವರು ಬೀದಿಯಲ್ಲಿ ಒಂದು ಅಚ್ಚಿನ ಕಾಗದ ಹಂಚಿದರು.

ದೊಡ್ಡಪ್ಪ ಓದಿದರು. "ಸೂಜಿ ಹಾಕಿಸಿಕೊಂಡ ಹೆಂಗಸರಿಗೆ ಮಕ್ಕಳಾಗುವುದಿಲ್ಲ. ಸೂಜಿಯ ಮದ್ದಿನಲ್ಲಿ ದನದ ರಕ್ತವಿದೆ. ಸೂಜಿಯಿಂದಲೇ ಪ್ಲೇಗು ಬರುತ್ತದೆ." ಓದಿ ಕನ್ನಡಕ ತೆಗೆದು, "ನೋಡ್ರಪ್ಪಾ, ಸರ್ಕಾರದವ್ರೇ ಒಪ್ಕೊಂಡಿದಾರೆ" ಎಂದರು. ಕೇಳುತ್ತ ನಿಂತಿದ್ದ ಎದುರು ಮನೆಯ ಅಜ್ಜಿ ತಮ್ಮ ಸೊಸೆಯನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕಾಗದ ನನ್ನ ಕೈಗೆ ಬಂದದ್ದು ಆಮೇಲೆ. ಮೇಲೆ ದಪ್ಪಕ್ಷರದಲ್ಲಿ ಒಂದು ಸಾಲು, ಅದರ ಕೆಳಗೆ ಇರುವೆ ಸಾಲಿನಂಥ ಸಣ್ಣಕ್ಷರ. ಮತ್ತೆ ದಪ್ಪ, ಮತ್ತೆ ಸಣ್ಣ. ದೊಡ್ಡಪ್ಪ ಓದಿದ್ದು ದಪ್ಪಕ್ಷರವನ್ನಷ್ಟೇ. ಸಣ್ಣಕ್ಷರದ ಒಂದೊಂದು ತುಂಡೂ "ಇದು ಸುಳ್ಳು" ಎಂದೇ ಶುರುವಾಗುತ್ತಿತ್ತು! ಅಡುಗೆಮನೆಗೆ ಓಡಿ, ಅಕ್ಷರ ಬಾರದ ಅಕ್ಕನಿಗೂ ಅಮ್ಮನಿಗೂ ಅಷ್ಟನ್ನೂ ಓದಿ ಹೇಳಿದೆ.

"ಇದು ನಲ್ಲಿ ಹತ್ರದ ಜಗಳ ಇದ್ದಂಗೆ ಕಣೇ" ಎಂದಳು ಅಕ್ಕ. "ಒಬ್ಳು ಒಂದಂದ್ರೆ ಇನ್ನೊಬ್ಳು ತಿರುಗಿ ಹೇಳ್ತಾಳೆ. ದೊಡ್ಡಪ್ಪ ಮೊದಲ್ನೇವ್ಳ ಮಾತು ಕೇಳಿ ಎದ್ದು ಬಂದ್ಬಿಟ್ಟಿದಾರೆ."

ನಾನು ಜಗಲಿಗೆ ಹೋಗಿ, "ದೊಡ್ಡಪ್ಪಾ, ಕೆಳಗಿರೋದನ್ನೂ ಓದಿ" ಎಂದೆ.

"ಸರ್ಕಾರದವ್ರು ಸುಳ್ಳನ್ನ ದಪ್ಪಕ್ಷರದಲ್ಲಿ ಹಾಕಿಸ್ತಾರೇನೆ? ಹೋಗು, ಒಳಗೆ ಕೆಲ್ಸ ನೋಡು."

ಸುಳ್ಳನ್ನು ಕಣ್ಣಿಗೆ ರಾಚುವ ಹಾಗೆ ಮೇಲಿಟ್ಟು, ನಿಜವನ್ನು ಹುಡುಕಿಕೊಂಡು ಓದುವ ಹಾಗೆ ಕೆಳಗೆ ತುರುಕಿದ ಮಹಾನುಭಾವ ಯಾರೋ, ಅವನ ಮೇಲೂ ನನಗೆ ಸಿಟ್ಟಿದೆ. ಹಾಗೆಂದು ದೊಡ್ಡಪ್ಪನನ್ನು ಬಿಡಲಾರೆ. ಪಂಚಾಂಗದ ಸಣ್ಣಕ್ಷರದಲ್ಲಿ ರಾಹುಕಾಲ ಹುಡುಕುವ ಕಣ್ಣಿಗೆ ಇದೊಂದು ಕಾಣದೆ ಹೋಯಿತೇ? ಕಂಡಿತ್ತು. ತಾ ಹಿಡಿದ ಮೊಲಕ್ಕೆ ಮೂರೇ ಕಾಲು, ಅಷ್ಟೆ.

ಬಸವನಗುಡಿಯ ದೇವಸ್ಥಾನಕ್ಕೆಂದು ಹೇಳಿ ಅಮ್ಮ ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮನೆಗೆ ಬಂದ ಮೇಲೆ ಅಕ್ಕನಿಗೆ ತೋಳು ಊದಿ ಜ್ವರ ಬಂತು. ಗುಟ್ಟು ರಟ್ಟಾಯಿತು. ದೊಡ್ಡಪ್ಪ ಮನೆ ಹಾರಿಹೋಗುವ ಹಾಗೆ ಕೂಗಾಡಿದರು. ಸೂಜಿಯ ಜ್ವರ ಎರಡು ದಿನದಲ್ಲಿ ಬಿಡುತ್ತದೆಂದು ಅದೇ ಸಣ್ಣಕ್ಷರದಲ್ಲಿತ್ತು, ಬಿಟ್ಟಿತು. ಅಕ್ಕ ಚಿಕ್ಕಪೇಟೆಗೆ ಹೋದಳು. ಪ್ಲೇಗು ನಮ್ಮ ಬೀದಿಗೂ ಬಂತು. ಎದುರು ಮನೆಯ ಸೊಸೆ ಹೋಗಿಬಿಟ್ಟಳು. ಸಂಜೆ ಹೊತ್ತು ನನ್ನನ್ನು ಕೂರಿಸಿಕೊಂಡು ಜಡೆ ಹಾಕುತ್ತಿದ್ದ ಹುಡುಗಿ ಅವಳು. ಅವಳಿಗೂ ಆ ಸಣ್ಣಕ್ಷರ ಓದಿ ಹೇಳೋಣವೆಂದರೆ, ದೊಡ್ಡಪ್ಪ ಗದರಿದ ಮೇಲೆ ನನ್ನನ್ನು ಯಾರೂ ಆ ಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ಮರುವರ್ಷ ಅಕ್ಕನ ಮಗುವಿಗೆ ನಮ್ಮ ಮನೆಯಲ್ಲೇ ತೊಟ್ಟಿಲು ಕಟ್ಟಿದರು. ಬೀದಿಯೆಲ್ಲ ಬಂದಿತ್ತು. ದೊಡ್ಡಪ್ಪ ನಡುಮನೆಯಲ್ಲಿ ಕೂತು, "ಸೂಜಿ ಹಾಕಿಸ್ಕೊಂಡ್ರೆ ಮಕ್ಕಳಾಗಲ್ಲ ಅನ್ನೋದು ಶುದ್ಧ ಸುಳ್ಳು. ಸರ್ಕಾರದವ್ರು ಅವತ್ತೇ ಅಚ್ಚು ಹಾಕ್ಸಿದ್ರು. ನಾನೇ ಓದಿದ್ದೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ಅಮ್ಮ ಕೊಟ್ಟ ಎಲೆ ಅಡಿಕೆಯನ್ನು ಎದುರು ಮನೆಯ ಅಜ್ಜಿ ತಟ್ಟೆಗೇ ವಾಪಸ್ಸು ಇಟ್ಟು ಎದ್ದು ನಿಂತರು.

"ಓದಿದ್ರಾ ಯಜಮಾನ್ರೇ?" ಎಂದರು. "ಮತ್ತೆ ನಮ್ಗೆ ಯಾಕೆ ಹೇಳ್ಲಿಲ್ಲ?"