ಮೇಲಿನ ಸ್ವರದ ಟೀಚರ್

ಐವತ್ತೆರಡನೆಯ ವಯಸ್ಸಿನಲ್ಲಿ, ಸಂಗೀತದ ಟೀಚರ್ ಮಹಡಿ ಮನೆಯಲ್ಲಿ ಕೂತು, ನಾನು ಮೇಲಿನ ಸ್ವರಕ್ಕೆ ಕೈಹಾಕಿದೆ. ದನಿ ನಡುದಾರಿಯಲ್ಲೇ ಒಡೆಯಿತು. ಕೆಳಗಿನ ಅಂಗಡಿಯ ಇಸ್ತ್ರಿಯವನು ಮೆಟ್ಟಿಲು ಹತ್ತಿ ಓಡಿಬಂದ.

“ಯಾರಿಗೇನಾಯ್ತು ಟೀಚರ್?”

“ಏನಿಲ್ಲಪ್ಪ, ಸಾರ್ ಹಾಡಿದ್ರು.”

“ಹಾಡಿದ್ದಾ!” ಎಂದು ಅವನು ಇಳಿದುಹೋದ. ನನ್ನ ಮರ್ಯಾದೆಯೂ ಅವನ ಹಿಂದೆಯೇ ಇಳಿಯಿತು. ಬಚ್ಚಲುಮನೆಯಲ್ಲಿ ಹಾಡೋ ಬದಲು ಎಲ್ಲಾದರೂ ಹೋಗಿ ಹಾಡಿ ಎಂದು ಕಳಿಸಿದ್ದ ಹೆಂಡತಿಗೆ ಇದು ಗೊತ್ತಾಗಬಾರದು.

ಟೀಚರ್ ನಗಲಿಲ್ಲ. “ಬೆಟ್ಟ ಹತ್ತೋ ಹಾಗೆ ಹತ್ತಬೇಡಿ. ಮೇಲಿಂದ ಸಣ್ಣಗೆ ಶುರುಮಾಡಿ ಇಳೀರಿ. ಏರುವಾಗ, ಒಡೆಯೋ ಜಾಗಕ್ಕೆ ಮುಂಚೇನೇ ದನಿ ತೆಳು ಮಾಡ್ಕೊಳ್ಳಿ. ಗದ್ದ ಎತ್ತಬೇಡಿ, ಸ್ವರ ಸೂರಲ್ಲಿಲ್ಲ.”

ಲೋಟದ ನೀರಿಗೆ ಸ್ಟ್ರಾ ಹಾಕಿ, ಊದುತ್ತಲೇ ಸ್ವರ ಏರಿಸಿ ಇಳಿಸುವುದು ಅವರ ಪಾಠ. ಗುಳ್ಳೆ ಎಗರಿದರೆ ಗಂಟಲು ಒತ್ತುತ್ತಿದೆ ಎಂದರ್ಥ.

ಹತ್ತೊಂಬತ್ತು ವರ್ಷ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಹಿಂದಿನ ಸಾಲಿನಲ್ಲಿ ನಿಂತು, ಮುಂದಿನವರಿಗೆ ಎಟುಕದ ಸ್ವರಗಳನ್ನು ಹಾಡಿಕೊಟ್ಟವರು ಇವರು. ಕೆಳಗಿನ ಸ್ವರಗಳ ಎದೆಯ ದನಿ ಎಲ್ಲಿ ಮುಗಿಯಿತು, ಮೇಲಿನ ಸ್ವರಗಳ ತಲೆಯ ದನಿ ಎಲ್ಲಿ ಶುರುವಾಯಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲವಂತೆ. ಹಾಡಿದವರು ಯಾರೆಂಬುದೂ ತಿಳಿಯಲಿಲ್ಲ. ಆಮೇಲೆ ಗಂಟಲಲ್ಲಿ ಗಂಟು, ಆಪರೇಷನ್. ಮೇಲಿನ ಸ್ವರ ಹೋಯಿತು. ಅದಿಲ್ಲದೆ ಸ್ಟುಡಿಯೋದವರು ಕರೆಯುವುದಿಲ್ಲ. ಹತ್ತು ತಿಂಗಳು ಕಾಯಿರಿ, ಬಂದರೂ ಬರಬಹುದು ಎಂದಿದ್ದರು ಡಾಕ್ಟರು. ಆ ಗಡುವು ಮುಗಿದದ್ದು ಇವತ್ತು. ಟೀಚರ್ ಆಸ್ಪತ್ರೆಯಿಂದ ನೇರ ಕ್ಲಾಸಿಗೆ ಬಂದಿದ್ದರು.

ಒಳಕೋಣೆಯಿಂದ ಅವರ ಅಕ್ಕ ಕೂಗಿದರು: “ಏನಂದ್ರೇ ಡಾಕ್ಟ್ರು? ಬಾಯಿಗೆ ಬೀಗ ಹಾಕ್ಕೊಂಡು ಬಂದಿದೀಯಲ್ಲ!”

“ಕ್ಲಾಸ್ ನಡೀತಿದೆ ಅಕ್ಕ.”

ನನಗೆ ತೋರಿಸಲೆಂದು ಅವರೇ ಲೋಟ ಎತ್ತಿಕೊಂಡರು. ಸ್ವರ ಎಳೆ ಕಡಿಯದೆ ಅರ್ಧದವರೆಗೆ ಏರಿತು. ಅಲ್ಲಿಗೆ ದನಿ ನಿಂತಿತು. ಗುಳ್ಳೆಗಳು ಮಾತ್ರ ಒಂದೇ ಸಮ ಬರುತ್ತಲೇ ಇದ್ದವು. ಉಸಿರು ಮುಗಿಯುವ ತನಕ ಊದಿ, ತುಟಿ ಒರೆಸಿಕೊಂಡರು.

“ಹೀಗೆ. ಈಗ ನೀವು.”

ಸುಮ್ಮನಿರುವ ವಿದ್ಯೆ ನನಗೆ ಯಾರೂ ಕಲಿಸಿಲ್ಲ. “ಇನ್ನು ಬರಲ್ವಂತಾ ಟೀಚರ್?” ಎಂದೆ.

“ಬರಲ್ವಂತೆ.”

“ಬೇಜಾರಾಗಲ್ವಾ?”

ಅವರು ಗೋಡೆಯ ಮೇಲಿನ ವೇಳಾಪಟ್ಟಿ ನೋಡಿದರು.

“ಗುರುವಾರ ಕ್ಲಾಸಿಲ್ಲ ಸಾರ್. ಅವತ್ತು ಬೇಜಾರು ಮಾಡ್ಕೋತೀನಿ.”