ಅಕ್ಕೋರು ಕಿಮೋ ಬಿಡಲು ಹೊರಟಾಗ

ಸಕ್ಕರೆ ಕಾಯಿಲೆಯ ಗುಳಿಗೆಗೆ ಸಣ್ಣಗೆ ಮೀನಿನ ವಾಸನೆ ಇರುತ್ತದೆ. ಮೊನ್ನೆ ಗಡಹಿಂಗ್ಲಜದ ನನ್ನ ಔಷಧಿ ಅಂಗಡಿಯಲ್ಲಿ ಡಬ್ಬಿಯೊಂದನ್ನು ಬಿಚ್ಚಿದಾಗ ಅದು ಮೂಗಿಗೆ ಬಡಿಯಿತು, ಅಕ್ಕೋರು ನೆನಪಾದರು. ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ಅವರಿಗೂ ಸಕ್ಕರೆ ಕಾಯಿಲೆ, ತಿಂಗಳಿಗೊಮ್ಮೆ ನನ್ನಲ್ಲೇ ಗುಳಿಗೆ ಒಯ್ಯುತ್ತಿದ್ದರು. "ಶಾಕಾಹಾರಿಗೋಳ ಜಾತಿ ಕೆಡಸೋ ಗುಳಿಗಿ ಇದು" ಎಂದು ನಗುತ್ತಿದ್ದರು...

ನಿವೃತ್ತರಾದ ಮೇಲೆ ಅವರ ಎದೆಯಲ್ಲಿ ಗಂಟು ಕಾಣಿಸಿತು. ಕೊಲ್ಹಾಪುರದಲ್ಲಿ ಆಪರೇಶನ್ ಆಯಿತು, ಕಿಮೋಗೆ ದಿನ ಗೊತ್ತಾಯಿತು. ಅದೇ ವಾರ ಇಚಲಕರಂಜಿಯ ಅವರ ತಂಗಿ ಮೊಬೈಲಿಗೆ ಒಂದು ಸುದ್ದಿ ಕಳಿಸಿದರು: ಸಕ್ಕರೆ ಗುಳಿಗೆಯೇ ಕ್ಯಾನ್ಸರಿಗೂ ಮದ್ದು.

ತಿಂಗಳ ಗುಳಿಗೆ ಹದಿನೈದು ದಿನಕ್ಕೇ ಮುಗಿದಾಗ ನನಗೆ ಅನುಮಾನ ಬಂತು. ಹೊಟ್ಟೆ ಕೆಟ್ಟು ಸೊರಗಿದ್ದರು.

"ಅಕ್ಕೋರ, ಎಷ್ಟು ತಗೊಳ್ಳಾಕತ್ತೀರಿ?"

"ಎರಡಪಟ್ಟು... ಕಿಮೋದ ಅಂಜಿಕಿ ಭಾಳ ಆಗೇತೋ. ಅದನ್ನ ಬಿಟ್ಟು ಇದರ ಮ್ಯಾಲೇ ಇರಬೇಕಂತ ಮಾಡೇನಿ."

ವಿಜ್ಞಾನ ಕಲಿಸಿದವರೇ ಹೀಗೆನ್ನುತ್ತಿದ್ದರು. ಮರುದಿನ ಅಂಗಡಿ ಮುಚ್ಚಿ ಅವರನ್ನು ಕೊಲ್ಹಾಪುರಕ್ಕೆ ಕರೆದೊಯ್ದೆ. ಡಾಕ್ಟರು ಬೈಯಲಿಲ್ಲ. ಹಾಳೆಯ ಮೇಲೆ ಗಂಟೊಂದನ್ನು ಬರೆದು ಸುತ್ತಲೂ ಚುಕ್ಕಿ ಇಟ್ಟರು. ಅವು ಗಂಟಿನ ಸುತ್ತಲಿನ ಜೀವಕೋಶಗಳು. ಕೆಲವು ರೋಗದೊಡನೆ ಹೊಡೆದಾಡುತ್ತವೆ, ಕೆಲವು ಅದಕ್ಕೇ ಅನ್ನ ಹಾಕುತ್ತವೆ. ಈ ಗುಳಿಗೆ ಆ ನೆರೆಹೊರೆಯನ್ನು ಬದಲಿಸಬಹುದು ಎಂದು ಪ್ರಯೋಗಾಲಯದಲ್ಲಿ ಕಂಡಿದೆ, ರೋಗಿಗಳಲ್ಲಿ ಇನ್ನೂ ಖಾತ್ರಿಯಿಲ್ಲ, ಕಿಮೋದ ಬದಲಿಗಂತೂ ಅಲ್ಲ ಎಂದರು.

ಬಸ್ಸಿನಲ್ಲಿ ಅಕ್ಕೋರು ಕಿಟಕಿಯಾಚೆಯ ಕಬ್ಬು ನೋಡುತ್ತಾ ಕೂತಿದ್ದರು. ಹಾಗೆ ನೋಡುತ್ತಲೇ ಹೇಳಿದರು: "'ಆಗಬಹುದು' ಅಂದರ 'ಆಗತೈತಿ' ಅಲ್ಲ. ಜನ್ಮಪೂರ್ತಿ ಹುಡುಗೂರಿಗೆ ನಾನಽ ಹೇಳೇನಿ."

ಕಿಮೋ ಮುಗಿಸಿದರು. ಉದುರಿದ ಕೂದಲು ಗುಂಗುರಾಗಿ ಬಂತು, ಅದರ ಮೇಲೆ ಅವರಿಗೆ ಭಾರೀ ಪ್ರೀತಿ. ಆಮೇಲೆ ಸಂಜೆ ಅಂಗಡಿಗೆ ಬಂದು ಕೂರುವುದು ರೂಢಿಯಾಯಿತು. ಯಾರಾದರೂ ಅದೇ ಸುದ್ದಿ ಹಿಡಿದು ಗುಳಿಗೆ ಕೇಳಿದರೆ, "ನಾನೂ ಹಿಂಗಽ ಮಾಡಿದ್ದೆ, ಕೇಳ್ರಿ" ಎಂದು ಶುರು ಮಾಡುತ್ತಿದ್ದರು. ಒಂಚೂರೂ ನಾಚಿಕೆಯಿಲ್ಲದೆ... ಹಾಗೆ ಏಳು ವರ್ಷ. ಹೋದ ವರ್ಷ, ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಹೃದಯ ನಿಂತಿತ್ತು.

ಮೊನ್ನೆ ಡಬ್ಬಿ ಬಿಚ್ಚಿದ್ದು ಹಲಕರ್ಣಿಯ ಹೆಣ್ಣುಮಗಳೊಬ್ಬಳಿಗಾಗಿ. ಗಂಡನಿಗೆ ಕ್ಯಾನ್ಸರ್, ಕಿಮೋ ಒಲ್ಲೆನೆನ್ನುತ್ತಾನಂತೆ, ಈ ಗುಳಿಗೆ ಸಾಕಂತೆ. ಡಬ್ಬಿ ಮುಚ್ಚಿಟ್ಟು ಅಕ್ಕೋರು ಕಿಮೋ ಮುಗಿಸಿದ ಕತೆ ಹೇಳಿದೆ.

"ಆ ಅಕ್ಕೋರ್ನ ನಮ್ಮ ಮನಿಗೆ ಕರಕೊಂಡ ಬರ್ತೀರೇನ್ರಿ? ಅವರು ಹೇಳಿದರ ಕೇಳ್ತಾರ."

"ಈಗ ಅವರು ಇಲ್ಲವ್ವಾ..."

ಆಕೆ ದುಡ್ಡನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. "ಹಂಗಾದ್ರ ನೀವಽ ಬರ್ರಿ."

ಭಾನುವಾರ ಹೋಗಿ ಬಂದೆ. ಸೋಮವಾರದ ಬಸ್ಸಿಗೆ ಗಂಡ ಹೆಂಡತಿ ಇಬ್ಬರೂ ಕೊಲ್ಹಾಪುರಕ್ಕೆ ಹೊರಟರು.