ಆಣೆ ಕೇಳದ ಪ್ರೇಮಕ್ಕ

ಬೆಳಗಿನ ಆರೂಕಾಲು. ಆಲ್ದೂರು ಬಸ್ ನಿಲ್ದಾಣದ ಹಿಂದಿರುವ ಸಣ್ಣ ಆಸ್ಪತ್ರೆಯ ಷಟರ್ ಅರ್ಧ ಮಾತ್ರ ಎದ್ದಿದೆ. ಪೂರ್ತಿ ಎತ್ತಿದರೆ ಅದು ಅರಚಿಕೊಂಡು ಬೀದಿಯನ್ನೇ ಎಬ್ಬಿಸುತ್ತದೆ. ಹಾಗಾಗಿ ಬರುವವರೆಲ್ಲ ಬಗ್ಗಿಕೊಂಡೇ ಬರುತ್ತಾರೆ. ಒಳಗೆ ಪ್ರೇಮಲತಾ ಹನ್ನೊಂದು ಸ್ಟೀಲ್ ಲೋಟಗಳಿಗೆ ನೀರು ಬಗ್ಗಿಸಿ ಸಾಲಾಗಿ ಇಡುತ್ತಿದ್ದಾರೆ. ನೋವಿನ ಮಾತ್ರೆಯ ಚಟಕ್ಕೆ ಬಿದ್ದು ಎದ್ದ ಹನ್ನೊಂದು ಮಂದಿಗೆ, ಅವರು ತೋಟದ ಕೆಲಸಕ್ಕೆ ಹೋಗುವ ಮೊದಲು, ಆ ಮಾತ್ರೆಯನ್ನು ತಡೆಯುವ ಗುಳಿಗೆಯೊಂದನ್ನು ದಿನವೂ ಕಣ್ಣೆದುರೇ ನುಂಗಿಸಿ ಕಳಿಸುವುದು ಅವರ ಕೆಲಸ. ಮೂರು ದಿನದಿಂದ ಹತ್ತು ಲೋಟ ಮಾತ್ರ ಖಾಲಿಯಾಗುತ್ತಿವೆ.

ಬಾರದವನು ಪ್ರಶಾಂತ್. ಮೆಣಸು ಕೊಯ್ಯುವವನು. ಎರಡು ವರ್ಷದ ಹಿಂದೆ ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಹಾಕಿದ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ. ನೋವಿಗೆಂದು ಒಂದರಲ್ಲಿ ಶುರುವಾದ ಮಾತ್ರೆ ದಿನಕ್ಕೆ ಹನ್ನೆರಡಕ್ಕೆ ಮುಟ್ಟಿತು. ಅದನ್ನು ಬಿಟ್ಟು ಎಪ್ಪತ್ತೊಂದು ದಿನವಾಗಿತ್ತು. ಈಗ ಮೆಣಸಿನ ಕೊಯ್ಲು ಬಂದಿದೆ, ಅವನು ಮತ್ತೆ ಏಣಿ ಹತ್ತಿದ್ದಾನೆ. ಷಟರ್ ಅಲ್ಲಾಡಿದಾಗಲೆಲ್ಲ ಪ್ರೇಮಲತಾ ಅವರ ಕಣ್ಣು ಅತ್ತ ಹೋಗುತ್ತದೆ.

ನಲವತ್ತೇಳರ ಪ್ರೇಮಲತಾ ಹುಟ್ಟಿದ್ದು ವಸ್ತಾರೆ ಹತ್ತಿರದ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿ. ಹದಿನೈದಕ್ಕೇ ಸೊಂಟಕ್ಕೆ ಚೀಲ ಕಟ್ಟಿ ಕಾಫಿ ಹಣ್ಣು ಕೊಯ್ದವರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಮೂರನೇ ಸಲ. ಅದನ್ನು ಅವರೇ ನಗುತ್ತಾ ಹೇಳಿಕೊಳ್ಳುತ್ತಾರೆ. ಆಸ್ಪತ್ರೆಯಲ್ಲಿ ಕಸ ಗುಡಿಸಲು ಸೇರಿದವರಿಗೆ ಡಾಕ್ಟರ್ ದಿವ್ಯಾ ನಾಡಿ ನೋಡುವುದರಿಂದ ಹಿಡಿದು ಎಲ್ಲವನ್ನೂ ಕಲಿಸಿದರು. ಈ ಕೆಲಸಕ್ಕೆ ನಿಂತ ಮೇಲೆ ಬಾಡಿಗೆ ಮನೆಯ ಯಜಮಾನರೊಬ್ಬರು, ಕಂಡಕಂಡ ಚಟದವರೆಲ್ಲ ಬಾಗಿಲಿಗೆ ಬರುತ್ತಾರೆಂದು ಮನೆ ಬಿಡಿಸಿದರು. ಅದೇ ಯಜಮಾನರು ಆಮೇಲೆ ತಮ್ಮ ಅಳಿಯನನ್ನು ಕರೆದುಕೊಂಡು ಇದೇ ಷಟರಿನಡಿ ಬಗ್ಗಿ ಬಂದರಂತೆ. ಪ್ರೇಮಲತಾ ಹಳೆಯದನ್ನು ಕೆದಕದೆ ಅವರಿಗೊಂದು ಕುರ್ಚಿ ಹಾಕಿದರು.

ಮೆದುಳಿನ ವಿಷಯ ಕೇಳಿದರೆ ಮಾತ್ರ ಅವರನ್ನು ಹಿಡಿಯುವವರಿಲ್ಲ. ನೋವಿನ ಮಾತ್ರೆ ಹೋಗಿ ಕೂರುವುದಕ್ಕೆಂದೇ ನರಕೋಶಗಳ ಮೇಲೆ ಜಾಗಗಳಿವೆ. ಡಾಕ್ಟರು ಅವನ್ನು ಗ್ರಾಹಕ ಎನ್ನುತ್ತಾರೆ, ಪ್ರೇಮಲತಾ ಸೀಟು ಎನ್ನುತ್ತಾರೆ. "ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿತೀವಲ್ಲ, ನಮ್ಮ ಗುಳಿಗೆ ಆ ಟವೆಲ್ ಇದ್ದಂಗೆ. ಬೇರೆಯವ್ರಿಗೆ ಕೂರೋಕೆ ಬಿಡಲ್ಲ. ಆದ್ರೆ ಮೊದ್ಲೇ ಯಾರಾದ್ರೂ ಕೂತಿದ್ರೆ ಕುತ್ತಿಗೆ ಹಿಡಿದು ಹೊರಗೆ ದಬ್ಬುತ್ತೆ."

ಹಾಗಾದರೆ ಚಟ ಬಿಟ್ಟ ಮೇಲೂ ಆಸೆ ಯಾಕೆ ಎಂದರೆ ಡೆಲ್ಟಾ ಫಾಸ್‌ಬಿ ಎಂಬ ಪ್ರೋಟೀನಿನ ಹೆಸರು ಅವರ ಬಾಯಲ್ಲಿ ತಡವರಿಸದೆ ಬರುತ್ತದೆ. ಚಟದ ಪದಾರ್ಥ ಮತ್ತೆ ಮತ್ತೆ ಒಳಗೆ ಹೋದಂತೆ ಅದು ನರಕೋಶದಲ್ಲಿ ಕೂಡಿಕೊಳ್ಳುತ್ತದೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಅದಲುಬದಲು ಮಾಡುತ್ತದೆ. "ಎಸ್ಟೇಟಿಗೆ ಹಾಜರಿ ಕೂಗೋ ಹೊಸ ರೈಟರ್ ಬಂದಂಗೆ. ಊಟ, ಹೆಂಡ್ತಿ, ಮಕ್ಳು ಯಾರ ಹೆಸ್ರೂ ಕೂಗಲ್ಲ, ಬರೀ ಮಾತ್ರೆ ಹೆಸ್ರೇ ಕೂಗ್ತಾನೆ. ಮಾತ್ರೆ ನಿಲ್ಸಿದ್ರೂ ವಾರಗಟ್ಲೆ ಕುರ್ಚಿ ಬಿಡಲ್ಲ ಮಾರಾಯ್ರೆ. ಅವ್ನು ಹೋದ್ಮೇಲೂ ಬರೆದಿಟ್ಟಿದ್ದು ಅಳಿಸೋಕೆ ಟೈಮ್ ಬೇಕು."

ಇಷ್ಟೆಲ್ಲ ತಿಳಿಯುವ ಮೊದಲು ಅವರೊಂದು ತಪ್ಪು ಮಾಡಿದ್ದರು. ಆರು ವರ್ಷದ ಹಿಂದಿನ ಮಾತು. ಭಾವ ಓಂಕಾರಪ್ಪ ಲಾರಿ ಓಡಿಸುತ್ತಿದ್ದರು, ಇದೇ ಮಾತ್ರೆಯ ಚಟ. ಪ್ರೇಮಲತಾ ಅವರನ್ನು ಊರ ದೇವರ ಮುಂದೆ ನಿಲ್ಲಿಸಿ, ಇನ್ನು ಮುಟ್ಟುವುದಿಲ್ಲವೆಂದು ಆಣೆ ಹಾಕಿಸಿದರು. ಈ ಕಡೆ ಚಟ ಬಿಡಿಸುವುದೆಂದರೆ ಮೊದಲು ಅದೇ. ಹತ್ತೊಂಬತ್ತನೇ ದಿನ ಓಂಕಾರಪ್ಪನವರ ಕೈ ಮತ್ತೆ ಮಾತ್ರೆಗೆ ಹೋಯಿತು. ಆಣೆ ಮುರಿದೆನೆಂದು ಹೇಳಲು ದೇವರ ಭಯ, ನಾದಿನಿಯ ಭಯ. ಏನೂ ತಗೊಂಡಿಲ್ಲ ಎಂದು ಸುಳ್ಳು ಹೇಳಿ ಆಸ್ಪತ್ರೆಯ ಗುಳಿಗೆ ನುಂಗಿಬಿಟ್ಟರು. ಗುಳಿಗೆ ಒಳಗಿದ್ದ ಮಾತ್ರೆಯನ್ನು ಒಮ್ಮೆಲೇ ದಬ್ಬಿ, ಅರ್ಧ ಗಂಟೆಯೊಳಗೆ ವಾಂತಿ, ಬೆವರು, ಮೈಯೆಲ್ಲ ನಡುಕ. ಚಿಕ್ಕಮಗಳೂರಿನಲ್ಲಿ ಮೂರು ದಿನ ಮಲಗಿದರು. ಈಗ ಅವರು ಚೆನ್ನಾಗಿದ್ದಾರೆ, ಶಾಲೆಯ ವ್ಯಾನ್ ಓಡಿಸುತ್ತಾರೆ. ಆ ದೇವಸ್ಥಾನದ ದಾರಿ ಮಾತ್ರ ತುಳಿಯುವುದಿಲ್ಲ. "ದೇವ್ರದ್ದೇನೂ ತಪ್ಪಿಲ್ಲ, ತಪ್ಪು ನಂದು" ಎನ್ನುತ್ತಾರೆ ಪ್ರೇಮಲತಾ. ಅಂದಿನಿಂದ ಅವರು ಯಾರಿಂದಲೂ ಆಣೆ ಹಾಕಿಸಿಲ್ಲ. ಮಾತ್ರೆ ತಗೊಂಡಿದ್ದು ತಿಳಿಯಲು ಮೂತ್ರದಲ್ಲಿ ಅದ್ದುವ ಪರೀಕ್ಷಾ ಪಟ್ಟಿ ಇದೆ, ಆದರೆ ಅದು ಎಲ್ಲ ಮಾತ್ರೆಗಳನ್ನೂ ಹಿಡಿಯುವುದಿಲ್ಲ. ಕೊನೆಗೆ ನಂಬಬೇಕಾದದ್ದು ಎದುರಿಗೆ ನಿಂತವರ ಮಾತನ್ನೇ.

ಆರೂಮುಕ್ಕಾಲಿಗೆ ಷಟರಿನಡಿ ಪ್ರಶಾಂತನ ತಲೆ ಕಾಣಿಸುತ್ತದೆ. ಗಡ್ಡ ಬೆಳೆದಿದೆ. ಜ್ವರ ಬಂದಿತ್ತೆಂದು ಯಾರೂ ಕೇಳದೆಯೇ ಹೇಳಿ ಕೈ ಚಾಚುತ್ತಾನೆ. ಪ್ರೇಮಲತಾ ಗುಳಿಗೆಯನ್ನು ಅವನ ಅಂಗೈಗೆ ಹಾಕುತ್ತಾರೆ, ಬೆರಳು ಮಾತ್ರ ಅದರ ಮೇಲಿಂದ ತೆಗೆಯುವುದಿಲ್ಲ. ಎಲ್ಲರನ್ನೂ ಕೇಳುವ ಪ್ರಶ್ನೆಯನ್ನೇ ಅವನನ್ನೂ ಕೇಳುತ್ತಾರೆ. "ಏನಾದ್ರೂ ತಗೊಂಡಿದ್ಯಾ ಪ್ರಶಾಂತ? ತಗೊಂಡಿದ್ರೆ ತಗೊಂಡೆ ಅನ್ನು. ಬೈಯೋರು ಯಾರೂ ಇಲ್ಲಿಲ್ಲ."

ಅವನು ಇಲ್ಲವೆಂದು ತಲೆಯಾಡಿಸುತ್ತಾನೆ. ಪ್ರೇಮಲತಾ ಬೆರಳು ತೆಗೆಯುತ್ತಿಲ್ಲ, ಅವಸರವನ್ನೂ ಮಾಡುತ್ತಿಲ್ಲ. ಹೊರಗೆ ಬಾಳೆಹೊನ್ನೂರು ಬಸ್ಸು ಬಂದು ನಿಂತು ಹೊರಟುಹೋಗುತ್ತದೆ.

"ನಿನ್ನೆ ನಾಕು ತಗೊಂಡೆ, ಪ್ರೇಮಕ್ಕ" ಎನ್ನುತ್ತಾನೆ ಪ್ರಶಾಂತ್. "ಸೊಂಟ ಕೇಳ್ಲಿಲ್ಲ. ಎಪ್ಪತ್ತೊಂದು ದಿನ ಎಲ್ಲ ಹೋಯ್ತಲ್ಲ."

"ಎಲ್ಲಿಗೆ ಹೋಗುತ್ತೆ ಮಾರಾಯ? ಅಷ್ಟು ದಿನ ನಿನ್ನ ಮೆದುಳು ರಿಪೇರಿ ಆಗಿದ್ದು ಸುಳ್ಳಾ? ಕೂತ್ಕೋ, ಕಾಫಿ ಕುಡಿ" ಎನ್ನುತ್ತಾ ಪ್ರೇಮಲತಾ ಅವನ ಅಂಗೈಯಿಂದ ಗುಳಿಗೆ ಎತ್ತಿಕೊಳ್ಳುತ್ತಾರೆ.

ಫೋನಿನಲ್ಲಿ ಡಾಕ್ಟರು ಹೇಳಿದ್ದನ್ನು ಪ್ರೇಮಲತಾ ಅವನಿಗೆ ಬಿಡಿಸಿ ಹೇಳುತ್ತಾರೆ. ಕನಿಷ್ಠ ಒಂದು ವಾರ ಗುಳಿಗೆ ಮುಟ್ಟುವಂತಿಲ್ಲ, ದಿನವೂ ಬಂದು ಮುಖ ತೋರಿಸಬೇಕು, ಸೊಂಟಕ್ಕೆ ಬೇರೆ ಔಷಧಿ, ಏಣಿ ಸದ್ಯಕ್ಕೆ ಬೇಡ. ತೋಟದ ಮೇಸ್ತ್ರಿಗೆ ತಾವೇ ಹೇಳುವುದಾಗಿ ಒಪ್ಪಿಕೊಳ್ಳುತ್ತಾರೆ. ಪ್ರಶಾಂತ್ ಎರಡು ಲೋಟ ಕಾಫಿ ಕುಡಿದು ಹೋದ ಮೇಲೆ ಅವರ ಮುಖದಲ್ಲಿ ಮೂರು ದಿನದ ಆತಂಕ ಇಳಿದು ಸಂತೋಷ ಎದ್ದು ಕಾಣುತ್ತದೆ.

ಇಷ್ಟು ವರ್ಷದಲ್ಲಿ ಎಷ್ಟು ಜನಕ್ಕೆ ಗುಳಿಗೆ ಕೊಟ್ಟಿರಬಹುದು ಎಂದು ಕೇಳಿದರೆ ಅವರು ಲೋಟ ತೊಳೆಯುತ್ತಲೇ ಉತ್ತರಿಸುತ್ತಾರೆ.

"ಕೊಟ್ಟಿದ್ದು ಯಾರು ಲೆಕ್ಕ ಇಟ್ಟಿದ್ದಾರೆ? ಇವತ್ತು ಒಂದು ಗುಳಿಗೆ ವಾಪಸ್ ತಗೊಂಡೆ ನೋಡಿ, ಅದು ನನ್ನ ಕೆಲ್ಸ."